ಕೋಲಾರದ ಓಟಗಾರ, ಕಾರ್ಖಾನೆಯ ಸಂಬಳ

1964ರ ಅಕ್ಟೋಬರ್‌ನಲ್ಲಿ ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಭಾರತದ ನಾಲ್ವರು 4x100 ಮೀಟರ್ ರಿಲೇಗೆ ಇಳಿದರು. ಆಂಥೋನಿ ಕುಟಿನ್ಹೊ, ಮಖನ್ ಸಿಂಗ್, ರಾಜಶೇಖರನ್ ಪಿಚ್ಚಯ್ಯ, ಕೆನೆತ್ ಪೊವೆಲ್. ಆಗಿನ ಓಟದ ಹಾದಿ ಈಗಿನಂತೆ ರಬ್ಬರಿನದಲ್ಲ, ಇದ್ದಿಲು ಬೂದಿ ಹಾಸಿ ಗಟ್ಟಿ ಮಾಡಿದ್ದು. ಮಳೆ ಬಿದ್ದರೆ ಕಾಲಿಗೆ ಅಂಟುತ್ತಿತ್ತು, ಒಣಗಿದರೆ ಪುಡಿಯಾಗಿ ಏಳುತ್ತಿತ್ತು. ಬೂದಿಯ ಹಾದಿಯಲ್ಲಿ ನಡೆದ ಕೊನೆಯ ಒಲಿಂಪಿಕ್ಸ್ ಅದು. ಭಾರತದ ತಂಡ ಸೆಮಿಫೈನಲ್ ಮುಟ್ಟಿ ಅಲ್ಲಿಗೆ ನಿಂತಿತು. ಒಬ್ಬೊಬ್ಬರ ಪಾಲಿಗೂ ಬಂದದ್ದು ನೂರು ಮೀಟರ್, ಹತ್ತು ಹನ್ನೊಂದು ಸೆಕೆಂಡಿನ ಕೆಲಸ. ಅದಕ್ಕೆ ಹಿಂದೆ ವರ್ಷಗಟ್ಟಲೆ ಬೆಳಗು ಸಂಜೆ ಮೈದಾನ ಸುತ್ತಿದ ಬೆವರು.

ಪೊವೆಲ್ ಹುಟ್ಟಿದ್ದು 1940ರ ಏಪ್ರಿಲ್ 20ರಂದು, ಕೋಲಾರದಲ್ಲಿ. ಹತ್ತೊಂಬತ್ತರ ಆಸುಪಾಸಿನಲ್ಲಿ ಬೆಂಗಳೂರಿಗೆ ಬಂದು ದೂರವಾಣಿನಗರದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸೇರಿದರು. ದೇಶದ ಅತಿ ವೇಗದ ಓಟಗಾರರಲ್ಲಿ ಒಬ್ಬನ ಹೊಟ್ಟೆಪಾಡು ನಡೆದದ್ದು ಟೆಲಿಫೋನ್ ತಯಾರಿಸುವ ಕಾರ್ಖಾನೆಯ ಸಂಬಳದಿಂದ. ಆತನ ಜೊತೆ ಬ್ಯಾಟನ್ ಹಿಡಿದ ಮಖನ್ ಸಿಂಗ್ ಸೈನ್ಯದಲ್ಲಿದ್ದವರು. ನಮ್ಮಲ್ಲಿ ಆ ಕಾಲದ ಆಟಗಾರನಿಗೆ ಅನ್ನ ಹಾಕಿದ್ದು ಕ್ಲಬ್ಬೂ ಅಲ್ಲ, ಟಿಕೆಟ್ ಕೊಂಡ ಪ್ರೇಕ್ಷಕನ ದುಡ್ಡೂ ಅಲ್ಲ. ಯಾವುದೋ ಇಲಾಖೆಯ, ಯಾವುದೋ ಕಾರ್ಖಾನೆಯ ಮಸ್ಟರ್ ರೋಲಿನಲ್ಲಿ ಆತನ ಹೆಸರಿತ್ತು, ಆ ಹೆಸರೇ ಆತನ ಆಟವನ್ನು ಸಾಕಿತು. ಕರ್ನಾಟಕದ ಕ್ರೀಡೆಯ ಚರಿತ್ರೆ ಬರೆಯುವವರು ಪದಕಗಳ ಪಟ್ಟಿಗಿಂತ ಮೊದಲು ಈ ಸಂಬಳದ ಪಟ್ಟಿಯನ್ನು ನೋಡಬೇಕು ಎಂದು ನಾನು ನಂಬಿದ್ದೇನೆ.

ದುಡಿಮೆ, ಮನೆ, ಆಸ್ಪತ್ರೆ, ಮೈದಾನ ಎಲ್ಲವೂ ಒಂದೇ ಧಣಿಯ ಕೈಯಲ್ಲಿರುವ ಊರು ಹೇಗಿರುತ್ತದೆ ಎನ್ನುವುದನ್ನು ಕೋಲಾರ ಸೀಮೆ ಬೆಂಗಳೂರಿಗಿಂತ ಎರಡು ತಲೆಮಾರು ಮೊದಲೇ ಕಂಡಿತ್ತು.

1802ರಲ್ಲಿ ಮೈಸೂರು ರಾಜ್ಯದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಗೆ ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಆ ಜನಕ್ಕೆ ಅದು ಹೊಸದೇನಲ್ಲ, ತಲೆತಲಾಂತರದಿಂದ ಮಾಡಿಕೊಂಡು ಬಂದ ಕಸುಬು. ಎಪ್ಪತ್ತು ವರ್ಷ ಕಳೆದ ಮೇಲೆ ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಮೈಸೂರು ಸರ್ಕಾರದ ಹಿಂದೆ ಬಿದ್ದು 1873ರಲ್ಲಿ ಗಣಿ ತೋಡುವ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಆತನ ಹೆಸರಿನದೇ. ಆತನ ಕೈಗೆ ದೊಡ್ಡ ಚಿನ್ನ ಹತ್ತಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದು ಆಳಕ್ಕೆ ಇಳಿದ ಮೇಲೆ ಚಾಂಪಿಯನ್ ರೀಫ್‌ನ ಸಿರಿ ಬಯಲಾಯಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಸುತ್ತ ಮುಳ್ಳುಕಂಟಿಯ ಬಯಲು ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್ ಎಂಬ ಪಟ್ಟಣವಾಯಿತು.

ಆ ಪಟ್ಟಣದ ಬಾಗಿಲು ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಅನ್ನಿಸಿಕೊಂಡಿದ್ದ ಊರು ಅದು. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹೋಗುವ ಹಳಿಯಿಂದ ಇಲ್ಲಿ ಕವಲೊಡೆದು 1894ರಲ್ಲಿ ಮಾರಿಕುಪ್ಪಂವರೆಗೆ ರೈಲು ಹಾಸಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದರ ಹಿಂದೊಂದು ನಿಲ್ದಾಣಗಳು. ಕಲ್ಲಿದ್ದಲು, ಯಂತ್ರ, ಮರದ ದಿಮ್ಮಿ, ಕೂಲಿಯಾಳು ಎಲ್ಲ ಈ ಹಾದಿಯಲ್ಲೇ ಬಂದವು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ಊರಿನಲ್ಲಿ ಜಾತಿಯ ನೊಗ ಹೊತ್ತು ಸುಸ್ತಾದ ತಮಿಳು ದಲಿತರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು, ಆಂಗ್ಲೋ ಇಂಡಿಯನ್ ಕುಟುಂಬಗಳು ಬಂದವು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಗಣಿಗಳಲ್ಲಿ ದುಡಿಯುತ್ತಿದ್ದವರು 30 ಸಾವಿರಕ್ಕೂ ಹೆಚ್ಚು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿ ದೀಪ ಅದಕ್ಕಿಂತ ಮೂರು ವರ್ಷ ತಡ.

ನೆಲದ ಮೇಲೆ ಎರಡು ಊರುಗಳಿದ್ದವು. ಒಂದು ಕಡೆ ಹೆಂಚಿನ ಬಂಗಲೆ, ಹೂದೋಟ, ಬಿಳಿಯ ಅಧಿಕಾರಿಗಳ ಕ್ಲಬ್ಬು. ಅದಕ್ಕೇ ಕೆಜಿಎಫ್‌ಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರು. ಇನ್ನೊಂದು ಕಡೆ ಲೈನ್ ಮನೆಗಳು. ತಟ್ಟಿ ಮತ್ತು ತಗಡಿನ ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ. ಕೇಜ್ ಎಂಬ ಗಣಿಯ ಲಿಫ್ಟ್ ಹತ್ತಿ ಕೆಳಗಿಳಿದವನಿಗೆ ಬಂಡೆಯ ಕಾವು ಬೆನ್ನಿಗೆ ತಾಗುತ್ತಿತ್ತು. ಆಳ ಮೂರು ಕಿಲೋಮೀಟರ್ ದಾಟಿದಾಗ ಬಂಡೆಯ ಉಷ್ಣತೆ 60 ಡಿಗ್ರಿಗೂ ಮೇಲೆ. ಬಂಡೆ ತನ್ನಷ್ಟಕ್ಕೆ ಸಿಡಿಯುವ ರಾಕ್‌ಬರ್ಸ್ಟ್‌ಗಳಲ್ಲಿ ಎಷ್ಟೋ ಜನ ಅಲ್ಲೇ ಸಮಾಧಿಯಾದರು. ಉಳಿದವರ ಎದೆಯೊಳಗೆ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಯಿತು.

ಇಂಥ ಊರಿನಲ್ಲಿ ಆಟ ಬೆಳೆಯಿತು ಎಂದರೆ ಮೊದಲು ನಂಬಲು ಕಷ್ಟ. ಆದರೂ ಬೆಳೆಯಿತು. ಫುಟ್‌ಬಾಲ್, ಹಾಕಿ, ಬಾಕ್ಸಿಂಗ್‌ಗಳಲ್ಲಿ ಕೆಜಿಎಫ್ ಹುಡುಗರ ಹೆಸರು ಬೆಂಗಳೂರು, ಮದರಾಸುಗಳಲ್ಲಿ ಗೊತ್ತಿತ್ತು. ಪಾಳಿ ಮುಗಿದ ಮೇಲೆ ಬಯಲಿಗೆ ಬಂದು ಚೆಂಡು ಒದೆಯುವುದು ಉಸಿರು ತುಂಬಿಕೊಳ್ಳುವ ದಾರಿಯೂ ಆಗಿತ್ತು ಎಂದು ನನಗೆ ತೋರುತ್ತದೆ. ಗಣಿಯೊಳಗೆ ಒಬ್ಬನ ಜೀವ ಪಕ್ಕದವನ ಎಚ್ಚರದ ಮೇಲೆ ನಿಂತಿರುತ್ತದೆ. ಹಾಗೆ ದುಡಿದವರಿಗೆ ತಂಡವಾಗಿ ಆಡುವುದನ್ನು ಬೇರೆಯಾಗಿ ಕಲಿಸಬೇಕಿರಲಿಲ್ಲ. ಕಂಪನಿಗಳು ಆಟಕ್ಕೆ ಜಾಗ ಬಿಟ್ಟುಕೊಟ್ಟದ್ದರ ಹಿಂದೆ ಬರೀ ಉದಾರತನ ಇತ್ತು ಎನ್ನಲಾರೆ. ಆಳು ಸಾರಾಯಿ ಅಂಗಡಿಗೆ, ಸಂಘದ ಸಭೆಗೆ ಹೋಗುವುದಕ್ಕಿಂತ ಮೈದಾನಕ್ಕೆ ಹೋಗುವುದು ಯಾವ ಧಣಿಗೂ ಒಳ್ಳೆಯದೇ. ಆದರೆ ಜನ ಸಭೆಗೂ ಹೋದರು. 1930ರಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೆಸರು ನೋಂದಾಯಿಸುವ ಹೊಸ ಪದ್ಧತಿಯ ವಿರುದ್ಧ ಸಾವಿರಾರು ಜನ ಕೆಲಸ ನಿಲ್ಲಿಸಿದರು, ಕಂಪನಿ ಮಣಿಯಬೇಕಾಯಿತು. 1946ರ ನವೆಂಬರ್ 4ರಂದು ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಆರು ಜನ ಸತ್ತರು. ಆ ದಿನವನ್ನು ಕೆಜಿಎಫ್ ಈಗಲೂ ನೆನೆಯುತ್ತದೆ.

ಪೊವೆಲ್‌ಗೆ ಆಗ ಆರು ವರ್ಷ. ಆತ ಬೆಳೆಯುತ್ತಿದ್ದ ಹೊತ್ತಿಗೆ ಕಾಲ ಬದಲಾಗುತ್ತಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. ಬಿಳಿಯರ ಕಂಪನಿ ಹೋಯಿತು, ಅದು ಕಟ್ಟಿದ್ದ ಮಾದರಿ ಹೋಗಲಿಲ್ಲ. ಅದೇ ಮಾದರಿ ಸ್ವಲ್ಪ ಕರುಣೆ, ಸ್ವಲ್ಪ ಸಮಾನತೆ ಸೇರಿಸಿಕೊಂಡು ಬೆಂಗಳೂರಿನಲ್ಲಿ ಮತ್ತೆ ಹುಟ್ಟಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕನ್ನಡ ಸಂಘ, ಆಟದ ಮೈದಾನ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯೆಂಬ ಹೆಮ್ಮೆಯ ಐಟಿಐ ಕೆ.ಆರ್. ಪುರದ ಬಳಿ ಹೊಲಗಳ ನಡುವೆ ಎದ್ದಿತು. ಬಂಗಾರಪೇಟೆಯಿಂದ ಬರುವ ರೈಲು ಬೆಂಗಳೂರು ಮುಟ್ಟುವ ಮೊದಲೇ ಕೃಷ್ಣರಾಜಪುರದಲ್ಲಿ ನಿಲ್ಲುತ್ತದೆ. ಕೋಲಾರ ಸೀಮೆಯ ಹುಡುಗರಿಗೆ ಐಟಿಐ ಇಳಿಯುವ ನಿಲ್ದಾಣದ ಮಗ್ಗುಲಲ್ಲೇ ಇತ್ತು.

ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಎನ್ನುವ ಮಾತು ನಮಗೆ ಇಂದು ಅಷ್ಟೇನೂ ದೊಡ್ಡದಾಗಿ ಕೇಳಿಸುವುದಿಲ್ಲ. ಆ ಕಾಲದಲ್ಲಿ ಅದು ಬಡ ಮನೆಯ ಹುಡುಗನ ಬದುಕಿನ ದಿಕ್ಕು ಬದಲಿಸುವ ಸಂಗತಿ. ಅಭ್ಯಾಸಕ್ಕೆ ಹೋಗಲು ಒಂದೆರಡು ಗಂಟೆ ರಿಯಾಯಿತಿ, ಪಂದ್ಯಕ್ಕೆ ಹೋದರೆ ಸಂಬಳ ಕಡಿತವಿಲ್ಲದ ರಜೆ, ಕಾಲು ಉಳುಕಿದರೆ ಕಂಪನಿ ಆಸ್ಪತ್ರೆ. ಓಡುವ ಕಾಲು ನಿಂತ ಮೇಲೂ ಐವತ್ತೆಂಟರವರೆಗೆ ಸಂಬಳ, ಆಮೇಲೆ ಪ್ರಾವಿಡೆಂಟ್ ಫಂಡು. ಇಷ್ಟರ ಮೇಲೆ ನಿಂತು ಪೊವೆಲ್ 1960ರ ದಶಕದಲ್ಲಿ ದೇಶದ ನೂರು, ಇನ್ನೂರು ಮೀಟರ್ ಓಟಗಳಲ್ಲಿ ಮುಂಚೂಣಿಗೆ ಬಂದರು. ಮೈದಾನದಲ್ಲಿ ಅವರ ನಡತೆಗೆ ಒಲಿದು ಬಂದ ಬಿರುದು, ಸಭ್ಯ ಓಟಗಾರ ಎಂಬುದು.

ಓಡುವವನಿಗೆ ನೇರವಾಗಿ ಓಟಕ್ಕೇ ಯಾಕೆ ಹಣ ಕೊಡಲಿಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟಿದ್ದರೆ ಆತ ಟೋಕಿಯೋಗೆ ಹೋಗುವಂತಿರಲಿಲ್ಲ. ಒಲಿಂಪಿಕ್ಸ್ ಆಗ ಹವ್ಯಾಸಿಗಳಿಗೆ ಮಾತ್ರ. ಆಟದಿಂದ ಒಂದು ಕಾಸು ಮುಟ್ಟಿದವನಿಗೂ ಬಾಗಿಲು ಮುಚ್ಚಿತ್ತು. ಈ ನಿಯಮ ಎಷ್ಟು ಕ್ರೂರವಾಗಿತ್ತು ಎಂದು ತಿಳಿಯಲು ಅಮೆರಿಕದ ಜಿಮ್ ಥೋರ್ಪ್ ಕಥೆ ಗೊತ್ತಿರಬೇಕು.

ಥೋರ್ಪ್ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿಗೆ ಸೇರಿದ ಅಮೆರಿಕದ ಮೂಲನಿವಾಸಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಮರುವರ್ಷ ಎರಡನ್ನೂ ಕಿತ್ತುಕೊಂಡರು. ಅಪರಾಧ ಏನೆಂದರೆ 1909 ಮತ್ತು 1910ರ ಬೇಸಗೆಯಲ್ಲಿ ಸಣ್ಣ ಊರಿನ ಬೇಸ್‌ಬಾಲ್ ತಂಡಕ್ಕೆ ಚಿಲ್ಲರೆ ಹಣಕ್ಕೆ ಆಡಿದ್ದು. ಕಾಲೇಜಿನ ಎಷ್ಟೋ ಬಿಳಿಯ ಹುಡುಗರು ಸುಳ್ಳು ಹೆಸರಿನಲ್ಲಿ ಇದನ್ನೇ ಮಾಡುತ್ತಿದ್ದರು, ಥೋರ್ಪ್ ತನ್ನ ಹೆಸರಿನಲ್ಲೇ ಆಡಿ ಸಿಕ್ಕಿಬಿದ್ದ. ಪದಕ ಹೋದ ಮೇಲೆ ಬೇಸ್‌ಬಾಲೇ ಹೊಟ್ಟೆಪಾಡಾಯಿತು. 1913ರಿಂದ 1919ರವರೆಗೆ ನ್ಯೂಯಾರ್ಕ್ ಜೈಂಟ್ಸ್, ಸಿನ್ಸಿನಾಟಿ ರೆಡ್ಸ್, ಬಾಸ್ಟನ್ ಬ್ರೇವ್ಸ್ ತಂಡಗಳಲ್ಲಿ ಔಟ್‌ಫೀಲ್ಡರ್ ಆಗಿ ಆಡಿದ. ನಮ್ಮ ಕ್ರಿಕೆಟ್ಟಿನ ಬೌಂಡರಿ ಹತ್ತಿರ ನಿಲ್ಲುವವನ ಕೆಲಸ ಅದು. ಎತ್ತರಕ್ಕೆ ಚಿಮ್ಮಿದ ಚೆಂಡಿನ ಕೆಳಗೆ ಓಡಿ ನಿಲ್ಲಬೇಕು, ಹಿಡಿದು ದೂರದಿಂದ ನೇರ ಎಸೆಯಬೇಕು. ಕಾಲಿನ ವೇಗವೇ ಬಂಡವಾಳ.

ಜೈಂಟ್ಸ್ ತಂಡದ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಆತನನ್ನು ಹೆಚ್ಚಾಗಿ ಬೆಂಚಿನ ಮೇಲೆ ಕೂರಿಸಿದ. ಬೇಸ್‌ಬಾಲ್‌ನಲ್ಲಿ ಪಿಂಚ್ ಹಿಟ್ಟರ್ ಎಂಬ ಪಾತ್ರವೊಂದಿದೆ. ಪಂದ್ಯದ ಉದ್ದಕ್ಕೂ ಕಾದು ಕೂತು, ಕರೆ ಬಂದಾಗ ಇನ್ನೊಬ್ಬನ ಬದಲಿಗೆ ಹೋಗಿ ಒಂದೇ ಬಾರಿ ಬ್ಯಾಟ್ ಹಿಡಿಯಬೇಕು. ಜಗತ್ತಿನ ಶ್ರೇಷ್ಠ ಕ್ರೀಡಾಪಟು ಎಂದು ಹೊಗಳಿಸಿಕೊಂಡವನು ಹಾಗೆ ಕಾದು ಕೂತ ದಿನಗಳು ಹಲವು. ಆರು ಋತುಗಳಲ್ಲಿ ಆಡಿದ್ದು 289 ಪಂದ್ಯ, ಬ್ಯಾಟಿಂಗ್ ಸರಾಸರಿ 0.252. ಆದರೆ 1917ರ ಮೇ 2ರಂದು ಷಿಕಾಗೋದಲ್ಲಿ ಒಂದು ಪಂದ್ಯ ನಡೆಯಿತು. ಒಂಬತ್ತು ಇನಿಂಗ್ಸ್ ಮುಗಿದರೂ ಎರಡೂ ತಂಡಗಳ ಪಿಚರ್‌ಗಳು ಎದುರಾಳಿಗೆ ಒಂದೇ ಒಂದು ಹಿಟ್ ಬಿಟ್ಟುಕೊಟ್ಟಿರಲಿಲ್ಲ. ಹತ್ತನೇ ಇನಿಂಗ್ಸ್‌ನಲ್ಲಿ ಸಿನ್ಸಿನಾಟಿಯ ಗೆಲುವಿನ ರನ್ ಬಂದದ್ದು ಥೋರ್ಪ್ ಹೊಡೆತದಿಂದ. 1919ರಲ್ಲಿ, ತನ್ನ ಕೊನೆಯ ಋತುವಿನಲ್ಲಿ, ಬಾಸ್ಟನ್ ಪರ ಆತನ ಸರಾಸರಿ 0.327 ಇತ್ತು. ನೆಚ್ಚಿಕೊಂಡು ಆಡಿಸಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ಆ ಅಂಕಿಯಲ್ಲೇ ಇದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಇದೇ ಮನುಷ್ಯ ಕೂಲಿಗೆ ಗುಂಡಿ ತೋಡಿದ. ವೃತ್ತಿಪರ ಆಟ ಆತನಿಗೆ ಕೊಟ್ಟ ದುಡ್ಡು ಆಟ ನಿಂತ ದಿನವೇ ನಿಂತುಹೋಗಿತ್ತು.

ಟೋಕಿಯೋಗೆ ಮರಳೋಣ. ಅಲ್ಲಿ ನೂರು ಮೀಟರ್ ಗೆದ್ದವನು ಫ್ಲಾರಿಡಾದ ಬಾಬ್ ಹೇಯ್ಸ್. ಬೇರೆ ಓಟಗಾರರ ಕಾಲು ತುಳಿದು ಕೆದರಿಹೋಗಿದ್ದ ಒಳಗಿನ ಒಂದನೇ ಲೇನ್‌ನಲ್ಲಿ, ಒಂದು ಶೂ ಎರವಲು ತಂದು, 10.0 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದ. ರಿಲೇ ಫೈನಲ್‌ನಲ್ಲಿ ಬ್ಯಾಟನ್ ಕೈಗೆ ಬಂದಾಗ ಅಮೆರಿಕ ಹಿಂದಿತ್ತು, ಹೇಯ್ಸ್ ಎಲ್ಲರನ್ನೂ ದಾಟಿ ಹೋದ. 39.0 ಸೆಕೆಂಡು, ಹೊಸ ವಿಶ್ವದಾಖಲೆ. ಅಲ್ಲಿಂದ ಆತ ನೇರವಾಗಿ ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ. ಮತ್ತೆ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ, ನಿಯಮದ ಪ್ರಕಾರ ಓಡುವಂತೆಯೂ ಇರಲಿಲ್ಲ.

ಅದೇ ಬೂದಿಯ ಹಾದಿ ತುಳಿದ ಪೊವೆಲ್ ಬೆಂಗಳೂರಿಗೆ, ಕಾರ್ಖಾನೆಯ ಗೇಟಿಗೆ ಮರಳಿದರು. ಇಬ್ಬರು ಮೂವರು ಓಟಗಾರರ ಬದುಕನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಿದಾಗ ನಮ್ಮ ಕಡೆಯದು ಕೇವಲ ಬಡತನದ ಕಥೆ ಎಂದು ನನಗೆ ಅನ್ನಿಸುವುದಿಲ್ಲ. ಪೊವೆಲ್ ಮರುವರ್ಷ, 1965ರಲ್ಲಿ, ಅರ್ಜುನ ಪ್ರಶಸ್ತಿ ಪಡೆದರು. ಟೋಕಿಯೋದಿಂದ ಆರು ವರ್ಷದ ಮೇಲೆ, ಓಟಗಾರನಿಗೆ ವಯಸ್ಸಾಯಿತು ಎನ್ನುವ ಮೂವತ್ತರಲ್ಲಿ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 4x100 ರಿಲೇ ಕಂಚು ತಂದ ಭಾರತ ತಂಡದಲ್ಲಿದ್ದರು. ಹತ್ತು ವರ್ಷ ಒಬ್ಬ ಸ್ಪ್ರಿಂಟರ್ ದೇಹವನ್ನು ಆ ಮಟ್ಟದಲ್ಲಿ ಉಳಿಸಿಕೊಳ್ಳಬೇಕಾದರೆ ಪ್ರತಿ ತಿಂಗಳ ಮೊದಲ ವಾರ ತಪ್ಪದೆ ಕೈಗೆ ಬರುವ ಸಂಬಳ ಬೇಕು. ಅದು ಅವರಿಗಿತ್ತು.

ಮಖನ್ ಸಿಂಗ್‌ಗೆ ಅಷ್ಟು ಇರಲಿಲ್ಲ. 1962ರ ರಾಷ್ಟ್ರೀಯ ಕೂಟದಲ್ಲಿ ಮಿಲ್ಖಾ ಸಿಂಗ್‌ರನ್ನೇ ಸೋಲಿಸಿದ್ದ ಆತ ಸೈನ್ಯದಿಂದ ನಿವೃತ್ತಿಯಾದ ಮೇಲೆ ಲಾರಿ ಓಡಿಸಿದರು, ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡರು, ಕಷ್ಟದಲ್ಲೇ 2002ರಲ್ಲಿ ತೀರಿಕೊಂಡರು. ಒಂದೇ ಬ್ಯಾಟನ್ ಹಿಡಿದ ಕೈಗಳು. ಯಾವ ಮಸ್ಟರ್ ರೋಲಿನಲ್ಲಿ ಹೆಸರಿತ್ತು, ಎಷ್ಟು ವರ್ಷ ಇತ್ತು ಎನ್ನುವುದರ ಮೇಲೆ ಬದುಕು ಬೇರೆಯಾಯಿತು.

ಪೊವೆಲ್ ಅರ್ಜುನ ಪಡೆದ 1965ರಲ್ಲೇ ಕೆಜಿಎಫ್ ಇನ್ನೊಂದು ಕಾರಣಕ್ಕೆ ಜಗತ್ತಿನ ಕಣ್ಣಿಗೆ ಬಿತ್ತು. ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಆದರೆ ಚಿನ್ನ ಕಡಿಮೆಯಾಗುತ್ತಿತ್ತು, ತೆಗೆಯುವ ಖರ್ಚು ಏರುತ್ತಿತ್ತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು. ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಕೆಲಸದ ಜೊತೆಗೆ ಆಸ್ಪತ್ರೆ ಹೋಯಿತು, ಕಂಪನಿ ತಂಡಗಳು ಹೋದವು. ಧಣಿ ಒಬ್ಬನೇ ಆಗಿರುವ ಊರಿನ ಅಪಾಯ ಅದೇ. ಆತ ಎದ್ದು ಹೋದಾಗ ಮೈದಾನವನ್ನು ನೋಡಿಕೊಳ್ಳುವವರೂ ಇರುವುದಿಲ್ಲ.

ಗಣಿಯ ಪಕ್ಕದ ಬೆಮೆಲ್ ಕಾರ್ಖಾನೆ ಉಳಿದುಕೊಂಡಿತು, ಆ ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಬೆಂಗಳೂರಿನಲ್ಲಿ ಎಚ್‌ಎಂಟಿಯ ಕೈಗಡಿಯಾರ ಘಟಕಗಳು ಮುಚ್ಚಿದವು, ಐಟಿಐ ಮೊಬೈಲ್ ಫೋನುಗಳ ಕಾಲದಲ್ಲಿ ಸೊರಗಿತು. ಆಟಗಾರರನ್ನು ಸಾಕಿದ ಕಾರ್ಖಾನೆಗಳ ತಲೆಮಾರೇ ಹೀಗೆ ಹಿಂದೆ ಸರಿಯಿತು. ಅವುಗಳ ಜಾಗವನ್ನು ರೈಲ್ವೆ, ಪೊಲೀಸ್, ತೆರಿಗೆ ಇಲಾಖೆಗಳು ಸ್ವಲ್ಪ ಮಟ್ಟಿಗೆ ತುಂಬಿವೆ, ಕ್ರಿಕೆಟ್ಟಿಗೆ ಲೀಗಿನ ಹಣ ಬಂದಿದೆ. ರಿಲೇಯ ಮೂರನೇ ಓಟಗಾರನಾಗಬಹುದಾದ ಹುಡುಗನಿಗೆ ಲೀಗೂ ಇಲ್ಲ, ಐಟಿಐಯೂ ಇಲ್ಲ.

ಥೋರ್ಪ್ ಪದಕಗಳನ್ನು ಹಿಂದಿರುಗಿಸಲು ಒಲಿಂಪಿಕ್ ಸಮಿತಿ ಒಪ್ಪಿದ್ದು 1982ರಲ್ಲಿ, ಆತ ಸತ್ತು 29 ವರ್ಷದ ಮೇಲೆ. ಆಗಲೂ ಆತನನ್ನು ಜಂಟಿ ವಿಜೇತ ಎಂದಷ್ಟೇ ಬರೆದುಕೊಂಡಿತು. 1912ರ ಏಕೈಕ ವಿಜೇತ ಎಂದು ಒಪ್ಪಿಕೊಂಡದ್ದು 2022ರ ಜುಲೈನಲ್ಲಿ. ಅದೇ ವರ್ಷ ಡಿಸೆಂಬರ್ 11ರಂದು ಕೆನೆತ್ ಪೊವೆಲ್ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 82 ವರ್ಷ ವಯಸ್ಸಾಗಿತ್ತು.

ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಇಂದು ಸಾವಿರಾರು ಜನ ಕೆಲಸಕ್ಕೆ ಓಡಾಡುತ್ತಾರೆ. ಕತ್ತಲಿರುವಾಗ ಮನೆ ಬಿಟ್ಟು ಕತ್ತಲಾದ ಮೇಲೆ ಮರಳುವ ಅವರಲ್ಲಿ ಹೆಚ್ಚಿನವರದು ಗುತ್ತಿಗೆ ಕೆಲಸ: ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಅಂಗಡಿ, ಕಚೇರಿ. ಗಣಿಯ ಪಾಳಿ ಮುಗಿಸಿದವನಿಗೆ ಸಂಜೆ ಎರಡು ಗಂಟೆ ಬೆಳಕು ಸಿಗುತ್ತಿತ್ತು. ಆ ಎರಡು ಗಂಟೆ ಇವರಿಗಿಲ್ಲ.